ದೂರದ ಹಾಡಿಗೆ ಸರದಿಯೇ ತಾಳ

ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ಲಿನ ಬೆಟ್ಟದಲ್ಲಿ, ಕಬ್ಬಿಣ ಯುಗದ ಶಿಲಾಸಮಾಧಿಗಳ ನಡುವೆ, ಎತ್ತರದ ಬಂಡೆಯೊಂದರ ನೆತ್ತಿಯ ಮೇಲೆ ಅರ್ಧಗೋಲದಂಥ ಕಲ್ಲಿನ ನಗಾರಿಯೊಂದಿದೆ. ಬಡಿದರೆ ಅದರ ದನಿ ಒಂದು ಕಿಲೋಮೀಟರಿನಷ್ಟು ದೂರ ಕೇಳುತ್ತದೆ ಎನ್ನುತ್ತಾರೆ. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಅಂದಮೇಲೆ ಅಷ್ಟು ದೂರದಲ್ಲಿ ನಿಂತವನ ಕಿವಿಗೆ ಆ ಪೆಟ್ಟು ಮುಟ್ಟಲು ಹತ್ತಿರಹತ್ತಿರ ಮೂರು ಸೆಕೆಂಡು ಬೇಕು. ಜನರನ್ನು ಕರೆಯುವುದಕ್ಕೋ ಎಚ್ಚರಿಸುವುದಕ್ಕೋ ಅದನ್ನು ಬಳಸುತ್ತಿದ್ದರೆ ಆ ಮೂರು ಸೆಕೆಂಡು ಯಾರ ಲೆಕ್ಕಕ್ಕೂ ಬರುತ್ತಿರಲಿಲ್ಲ. ಆದರೆ ದೂರ ನಿಂತವನು ಅದರ ಜೊತೆ ಕೂಡಿ ತಾಳ ಹಾಕಲು ಹೊರಟರೆ ಕೆಲಸ ಕೆಟ್ಟಂತೆಯೇ. ಕರೆಗೆ ಓಗೊಡುವುದು ಬೇರೆ, ಒಟ್ಟಿಗೆ ನುಡಿಸುವುದು ಬೇರೆ. ಇಂಟರ್ನೆಟ್ಟಿನಲ್ಲಿ ಹಾಡಿನ ಕೂಟ ಕಟ್ಟಲು ಹೊರಟವರು ಎಡವುವುದು ಇವೆರಡನ್ನು ಒಂದೇ ಎಂದುಕೊಂಡಾಗ. ಕುಷ್ಟಗಿ, ಯಲಬುರ್ಗಾ, ಕೊಪ್ಪಳದ ಹಳ್ಳಿಗಳಿಂದ ಗುಳೆ ಹೋದವರನ್ನು ಊರಿನ ಹಾಡಿಗೆ ಮತ್ತೆ ಸೇರಿಸಬೇಕೆನ್ನುವವರು ಭಜನೆಯ ನೇರಪ್ರಸಾರವನ್ನು ನೆಚ್ಚಿಕೊಳ್ಳುವುದಕ್ಕಿಂತ ಸವಾಲ್-ಜವಾಬಿನ ಹಾಡುಗಾರಿಕೆಯತ್ತ ತಿರುಗುವುದು ಲೇಸೆಂದು ನಾನು ಹೇಳುವುದು ಈ ಕಾರಣಕ್ಕೆ.

ಹನುಮಪ್ಪನ ಗುಡಿಯಲ್ಲಿ ಕೂರುವ ಭಜನಾ ಮಂಡಳಿಯನ್ನೇ ನೋಡಿ. ಒಬ್ಬ ನುಡಿ ಎತ್ತುತ್ತಾನೆ, ಉಳಿದವರು ಸೊಲ್ಲು ಹಿಡಿಯುತ್ತಾರೆ. ಹಾರ್ಮೋನಿಯಂ, ತಬಲಾ, ತಾಳ ಎಲ್ಲವೂ ಎರಡು ಮಾರು ಜಾಗದೊಳಗೆ. ಹತ್ತು ಮೀಟರ್ ದೂರದ ಸದ್ದು ಕಿವಿಗೆ ಬರಲು ಸೆಕೆಂಡಿನ ನೂರರಲ್ಲಿ ಮೂರು ಭಾಗ ಸಾಕು, ಕೂಡಿ ನುಡಿಸುವವರು ತಾಳಿಕೊಳ್ಳಬಲ್ಲ ತಡವೂ ಹೆಚ್ಚುಕಡಿಮೆ ಅಷ್ಟೇ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ರಿಸ್ ಚೇಫ್ ಇಬ್ಬಿಬ್ಬರನ್ನು ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ, ನಡುವೆ ಬೇಕೆಂದೇ ತಡ ಹುಟ್ಟಿಸಿ, ಚಪ್ಪಾಳೆ ತಟ್ಟಿಸಿ ನೋಡಿದರು. ತಡ ಹೆಚ್ಚಿದಂತೆ ಒಬ್ಬರು ಇನ್ನೊಬ್ಬರಿಗಾಗಿ ಕಾಯುತ್ತಾರೆ, ಆ ಇನ್ನೊಬ್ಬರು ಇವರಿಗಾಗಿ ಕಾಯುತ್ತಾರೆ, ಲಯ ಕುಂಟುತ್ತಾ ಜಾರುತ್ತದೆ. ಮಂಗಳೂರಿನ ಕಟ್ಟಡದ ಕೆಲಸದಲ್ಲಿರುವ ಹನುಮಸಾಗರದ ಹುಡುಗ ವಿಡಿಯೊ ಕಾಲ್‌ನಲ್ಲಿ ಸೊಲ್ಲು ಹಿಡಿದರೆ ಆಗುವುದೂ ಇದೇ. ಅವನ ದನಿ ಗುಡಿಗೆ ಬಂದು ಮುಟ್ಟುವಾಗ ತಬಲಾ ಮುಂದಿನ ಆವರ್ತಕ್ಕೆ ಹೋಗಿರುತ್ತದೆ. ಕೊನೆಗೆ ಅವನ ಮೈಕು ಬಂದ್ ಮಾಡಿಸುತ್ತಾರೆ, ಅವನು ನೋಡುಗನಾಗಿ ಉಳಿಯುತ್ತಾನೆ. ಸಂಗೀತ ಸಂಯೋಜಕ ಎರಿಕ್ ವಿಟೇಕರ್ 2010ರಲ್ಲಿ 12 ದೇಶಗಳ 185 ಮಂದಿಯ ದನಿ ಸೇರಿಸಿ ಮೇಳಗಾಯನ ಮಾಡಿಸಿದಾಗ ಈ ತೊಡಕನ್ನು ಬಿಡಿಸಲಿಲ್ಲ, ಬಳಸಿ ಹೋದರು. ಪ್ರತಿಯೊಬ್ಬರೂ ತಮ್ಮ ಮನೆಯಲ್ಲಿ ಒಬ್ಬರೇ ಹಾಡಿ ಕಳಿಸಿದ್ದನ್ನು ಆಮೇಲೆ ಜೋಡಿಸಲಾಯಿತು. ಕೇಳಲು ಸೊಗಸು, ಸರಿ. ಹಾಡುವಾಗ ಮಾತ್ರ ಯಾರಿಗೂ ಯಾರೂ ಜೊತೆಯಿರಲಿಲ್ಲ.

ಹಾಗಾದರೆ ಕಲ್ಪಿತ ಲೋಕದಲ್ಲಿ ಸಂಗೀತದ ನೆರೆಹೊರೆ ಬೆಳೆದದ್ದೇ ಇಲ್ಲವೇ? ಬೆಳೆದಿದೆ. ಲಿಂಡೆನ್ ಲ್ಯಾಬ್ ಕಂಪನಿ 2003ರಲ್ಲಿ ತೆರೆದ ಸೆಕೆಂಡ್ ಲೈಫ್ ಎಂಬ ಲೋಕದಲ್ಲಿ ಬಳಕೆದಾರರು ತಮಗೆ ಬೇಕಾದ ರೂಪ ತೊಟ್ಟು ಓಡಾಡುತ್ತಾರೆ. ಸಣ್ಣ ಸಣ್ಣ ಅಂಗಳಗಳಲ್ಲಿ ಹಾಡುಗಾರರು ತಮ್ಮ ಮನೆಯಿಂದಲೇ ಹಾಡುತ್ತಾರೆ. 2006ರಲ್ಲಿ ಸುಜಾನ್ ವೇಗಾರಂಥ ಹೆಸರಾಂತ ಗಾಯಕಿ ಅಲ್ಲಿ ಹಾಡಿದ್ದರೂ ಆ ಲೋಕದ ಸಂಗೀತವನ್ನು ಹಿಡಿದುಕೊಂಡು ಬಂದವರು ಹೆಸರಿಲ್ಲದ ಹವ್ಯಾಸಿಗಳೇ. ಹಾಡು ಕೇಳುಗರಿಗೆ ಹಲವು ಸೆಕೆಂಡು ತಡವಾಗಿ ಮುಟ್ಟುತ್ತದೆ. ಆದರೂ ಕೂಟ ಮುರಿಯುವುದಿಲ್ಲ. ಹಾಡು ಒಬ್ಬರದು, ಅದರ ಕೆಳಗೆ ಹರಿಯುವ ಬರೆದ ಮಾತು ಎಲ್ಲರದು: ಮೆಚ್ಚುಗೆ, ಕುಚೋದ್ಯ, ಮನೆಯ ಕ್ಷೇಮಸಮಾಚಾರ, ಮುಂದಿನ ಹಾಡಿನ ಕೋರಿಕೆ. ಜನ ತಿರುಗಿ ತಿರುಗಿ ಬರುವುದರಲ್ಲಿ ಆ ಮಾತಿನ ಪಾಲು ಸಣ್ಣದಲ್ಲ. ಇದರ ಪಕ್ಕದಲ್ಲಿ 2020ರ ಏಪ್ರಿಲ್‌ನಲ್ಲಿ ಫೋರ್ಟ್‌ನೈಟ್ ಆಟದೊಳಗೆ ನಡೆದ ಗಾಯಕ ಟ್ರಾವಿಸ್ ಸ್ಕಾಟ್ ಕಛೇರಿಯನ್ನು ಇಡಿ. ಮೊದಲ ಪ್ರದರ್ಶನಕ್ಕೇ 1 ಕೋಟಿ 23 ಲಕ್ಷ ಮಂದಿ ಒಟ್ಟಿಗೆ ಸೇರಿದ್ದರು. ಹತ್ತು ನಿಮಿಷದೊಳಗೆ ಎಲ್ಲ ಮುಗಿಯಿತು. ಅದು ಸಂತೆಯೂ ಅಲ್ಲ, ಏಕೆಂದರೆ ಸಂತೆಯಲ್ಲಿ ನಾಲ್ಕು ಮಾತಾದರೂ ಆಡುತ್ತೇವೆ.

ಈಗ ಊರಿಗೆ ಬರೋಣ. 1997ರಲ್ಲಿ ರಾಯಚೂರಿನಿಂದ ಬೇರೆಯಾದಾಗ ಕೊಪ್ಪಳ ಜಿಲ್ಲೆಗಿದ್ದದ್ದು ನಾಲ್ಕು ತಾಲ್ಲೂಕು. ಗಂಗಾವತಿಗೆ ತುಂಗಭದ್ರೆಯ ಎಡದಂಡೆ ಕಾಲುವೆ ಇದೆ, ಭತ್ತ ಇದೆ. ಕುಷ್ಟಗಿ, ಯಲಬುರ್ಗಾದ ಬಹುಪಾಲು ಹೊಲಗಳು ಮಳೆ ನಂಬಿದವು; ಮಳೆ ಕೈಕೊಟ್ಟ ವರ್ಷ ಮಂಗಳೂರು, ಬೆಂಗಳೂರು, ಗೋವಾದ ದಾರಿ ಹಿಡಿಯುವ ಬಸ್ಸುಗಳಲ್ಲಿ ಭಜನಾ ಮಂಡಳಿಯ ಅರ್ಧ ಹಿಮ್ಮೇಳವೂ ಹೋಗಿರುತ್ತದೆ. ಅವರಿಗೆ ಊರಿನ ಹಾಡು ಇಂದು ಸಿಗುವುದು ಯೂಟ್ಯೂಬ್, ಫೇಸ್‌ಬುಕ್ ನೇರಪ್ರಸಾರದಲ್ಲಿ. ಕೊಪ್ಪಳದ ಗವಿಮಠದ ಜಾತ್ರೆಯ ತೇರನ್ನು ಮೊಬೈಲಿನಲ್ಲಿ ನೋಡಿ ಕೈ ಮುಗಿಯುವವರು ಎಷ್ಟೋ ಮಂದಿ. ತೇರಿಗೆ ಅದು ಸಾಕು, ದರ್ಶನವೇ ಅಲ್ಲಿ ಮುಖ್ಯ. ಹಾಡಿಗೆ ಸಾಲದು. 2021ರ ಮೇ ತಿಂಗಳಲ್ಲಿ ಕ್ಲಬ್‌ಹೌಸ್ ಎಂಬ ಮಾತುಕತೆಯ ಆ್ಯಪ್ ಆಂಡ್ರಾಯ್ಡ್ ಫೋನುಗಳಿಗೆ ಬಂದಾಗ, ಲಾಕ್‌ಡೌನಿನ ಆ ರಾತ್ರಿಗಳಲ್ಲಿ, ಕನ್ನಡದ ಕೋಣೆಗಳು ತುಂಬಿ ತುಳುಕಿದ್ದನ್ನು ನೆನೆದರೆ ಕಾರಣ ಹೊಳೆಯುತ್ತದೆ. ಅಲ್ಲಿ ಮುಖವಿರಲಿಲ್ಲ, ದೃಶ್ಯವಿರಲಿಲ್ಲ; ಕೈ ಎತ್ತಿ ಸರದಿ ಪಡೆದು ಒಬ್ಬರು ಹಾಡಿದರೆ ಇನ್ನೊಬ್ಬರು ಆ ಹಾಡಿನ ಬಗ್ಗೆ ಮಾತು ತೆಗೆಯುತ್ತಿದ್ದರು. ಲಾಕ್‌ಡೌನ್ ಸಡಿಲಿದ ಮೇಲೆ ಆ ಹುರುಪು ಇಳಿದದ್ದು ನಿಜ. ಹಾಗೆಂದು ಅದು ಬರೀ ಹುಚ್ಚು ಹರಟೆಯೆಂದು ತಳ್ಳಿಹಾಕಿದರೆ, ಸರದಿಯ ಹಾಡಿಗೆ ದೂರ ಅಡ್ಡಿಯಲ್ಲ ಎಂದು ಅಲ್ಲಿ ಕಂಡದ್ದನ್ನೂ ತಳ್ಳಿಹಾಕಿದಂತೆ.

ಸರದಿಯ ಹಾಡಿನಲ್ಲಿ ಉತ್ತರ ಕರ್ನಾಟಕದಷ್ಟು ಪಳಗಿದ ನಾಡು ಇನ್ನೆಲ್ಲಿದೆ? ಗೀಗೀ ಪದದ ಹರದೇಶಿ-ನಾಗೇಶಿ ಮೇಳಗಳಲ್ಲಿ ಒಂದು ಬಣ ಗಂಡು ಹೆಚ್ಚೆಂದು ಹಾಡಿದರೆ ಇನ್ನೊಂದು ಹೆಣ್ಣು ಹೆಚ್ಚೆಂದು ಹಾಡುತ್ತದೆ. ಪುರಾಣದ ಒಗಟು ಎಸೆಯುತ್ತಾರೆ, ಎದುರಿನವರು ಒಡೆಯುತ್ತಾರೆ, ಬೆಳಗಾಗುವ ತನಕ. ಡೊಳ್ಳಿನ ಪದದ ಮೇಳಗಳಲ್ಲೂ ಇದೇ ಜಿದ್ದು. ಒಂದು ಮೇಳ ಹಾಡುವಾಗ ಇನ್ನೊಂದು ಕೇಳಲೇಬೇಕು, ಕೇಳದಿದ್ದರೆ ಜವಾಬು ಎಲ್ಲಿಂದ ಬರಬೇಕು? ಸವಾಲಿಗೂ ಜವಾಬಿಗೂ ನಡುವೆ ಯೋಚಿಸುವ ಬಿಡುವು ಇರುತ್ತದೆ, ಆ ಬಿಡುವಿನಲ್ಲಿ ಕೇಳುಗರ ಮಾತೂ ನುಸುಳುತ್ತದೆ. ಇಂಟರ್ನೆಟ್ಟಿನ ಒಂದೆರಡು ಸೆಕೆಂಡಿನ ತಡ ಅದರೊಳಗೆ ಕರಗಿಹೋಗುತ್ತದೆ. ಭಜನೆಯ ಸೊಲ್ಲನ್ನು ಕೊಲ್ಲುವ ತಡವೇ ಸವಾಲಿನ ಹಾಡಿಗೆ ಏನೂ ಮಾಡಲಾರದು.

ಮೈಯಿಲ್ಲದ ಕೂಟ ಎಂಥ ಕೂಟ ಎಂದು ಕೇಳುವವರಿದ್ದಾರೆ. ಪ್ರಸಾದವಿಲ್ಲ, ಬೆವರಿಲ್ಲ, ಪಕ್ಕದವನ ಹೆಗಲಿಲ್ಲ. ಬೇಕಾದ ಮುಖವಾಡ ತೊಟ್ಟು ಆಡುವ ಮಾತನ್ನು ನಂಬುವುದು ಹೇಗೆ? ಪ್ರಸಾದದ ಮಾತು ಒಪ್ಪತಕ್ಕದ್ದೇ. ಮುಖವಾಡದ ಆಕ್ಷೇಪಕ್ಕೆ ಮಾತ್ರ ಕೊಪ್ಪಳ ತಾಲ್ಲೂಕಿನ ಮೋರನಾಳದಲ್ಲಿ ಉತ್ತರವಿದೆ. ಅಲ್ಲಿನ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ತಂದುಕೊಟ್ಟ ತೊಗಲು ಗೊಂಬೆಯಾಟದಲ್ಲಿ ಹಾಡುವವರು ಪರದೆಯ ಹಿಂದೆ ಇರುತ್ತಾರೆ. ಮುಂದೆ ಕಾಣುವುದು ಬಣ್ಣದ ತೊಗಲು, ಅದರ ಹಿಂದಿನ ಬೆಳಕು. ದನಿ ಒಬ್ಬರದು, ರೂಪ ಇನ್ನೊಂದರದು ಎಂದು ತಲೆಮಾರುಗಳ ಕಾಲ ಯಾವ ನೋಡುಗನೂ ತಕರಾರು ತೆಗೆಯಲಿಲ್ಲ. ವಿದೂಷಕ ಗೊಂಬೆ ಕಿಳ್ಳೇಕ್ಯಾತ ಬಂದು ಊರವರನ್ನೇ ಗೇಲಿ ಮಾಡಿದರೂ ನಗುತ್ತಾರೆ, ಗೊಂಬೆಯ ಬಾಯಲ್ಲಿ ಬಂದ ಮಾತಿಗೆ ಅಷ್ಟು ಸಲಿಗೆ. ಪರದೆಯ ಹಿಂದಿನ ದನಿಗೆ ನಂಬಿಕೆ ಹುಟ್ಟುವುದು ಅದು ಮತ್ತೆ ಮತ್ತೆ ಬಂದು ಹಾಡುವುದರಿಂದ; ಸೆಕೆಂಡ್ ಲೈಫಿನ ಅಂಗಳಕ್ಕೂ ಬೇಕಾದದ್ದು ಅದೇ.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: ಗುಡಿಕಟ್ಟೆ ಎಲ್ಲರದು, ಮೊಬೈಲಿನ ಕೋಣೆ ಕೆಲವರದು. ಆದರೆ ಕಟ್ಟೆ ಎಲ್ಲರದು ಎಂಬ ಮಾತೇ ಎಷ್ಟು ಗಟ್ಟಿ? 2021ರ ಸೆಪ್ಟೆಂಬರಿನಲ್ಲಿ ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ ದಲಿತರ ಪುಟ್ಟ ಮಗುವೊಂದು ಆಂಜನೇಯನ ಗುಡಿಯೊಳಗೆ ಓಡಿಹೋಯಿತೆಂದು ಮನೆಯವರಿಗೆ 25,000 ರೂಪಾಯಿ ದಂಡ ಹೇಳಿದ್ದು ಸುದ್ದಿಯಾಗಿತ್ತು. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರಲ್ಲಿ ದಲಿತರ ಮೇಲೆ ನಡೆದ ದಾಳಿಗಾಗಿ ಕೊಪ್ಪಳದ ನ್ಯಾಯಾಲಯ 2024ರ ಅಕ್ಟೋಬರಿನಲ್ಲಿ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಇಂಥ ನೆಲದಲ್ಲಿ ಭಜನೆಯ ಹಿಮ್ಮೇಳ ಎಲ್ಲರನ್ನೂ ಕೂಡಿಸುತ್ತದೆಂದು ಹಾಡಿ ಹೊಗಳುವ ಮೊದಲು ಯಾರು ಒಳಗೆ ಕೂತಿದ್ದಾರೆ, ಯಾರು ಮೆಟ್ಟಿಲ ಕೆಳಗಿದ್ದಾರೆ ಎಂದು ನೋಡಬೇಕು. ಆನ್‌ಲೈನ್ ಕೋಣೆಗೆ ಮೆಟ್ಟಿಲಿಲ್ಲ. ಜಾತಿ ಅಲ್ಲಿಂದ ಓಡಿಹೋಗುತ್ತದೆಂದು ನಾನು ಹೇಳಲಾರೆ. ವಾಟ್ಸ್‌ಆ್ಯಪ್ ಗುಂಪುಗಳೇ ಓಣಿಗೊಂದು, ಜಾತಿಗೊಂದು ಆಗಿರುವುದು ಯಾರಿಗೆ ಗೊತ್ತಿಲ್ಲ? ಆದರೆ ಸವಾಲಿನ ಹಾಡಿಗೊಂದು ಹಟವಿದೆ: ಅದಕ್ಕೆ ಎದುರಾಳಿ ಬೇಕು, ನಮ್ಮವರೇ ನಮ್ಮವರಿಗೆ ಸವಾಲು ಹಾಕಿದರೆ ರಂಗೇರುವುದಿಲ್ಲ. ಬಾಗಿಲು ಹಾಕಿಕೊಂಡ ಗುಂಪಿಗೆ ಅದು ಒಗ್ಗದು.

ಊರಿನ ಮಂಡಳಿ ಇದರಿಂದ ಬಡವಾಗುತ್ತದೆಂಬ ಅಂಜಿಕೆಗೆ ನನ್ನ ಉತ್ತರ ಚಿಕ್ಕದು: ಅದನ್ನು ಬಡವಾಗಿಸಿದ್ದು ಗುಳೆ, ಮೊಬೈಲಲ್ಲ. ಉಳಿದದ್ದು ಸಲಕರಣೆಯ ಪ್ರಶ್ನೆ. ಒಂದೇ ಸ್ಮಾರ್ಟ್‌ಫೋನ್ ಇರುವ ಮನೆಯಲ್ಲಿ ಅದು ಗಂಡಸಿನ ಕಿಸೆಯಲ್ಲಿ ಗೋವಾಕ್ಕೆ ಹೋಗಿರುತ್ತದೆ. ನಾಗೇಶಿಯ ಪಾಳಿ ಹಾಡಬೇಕಾದವಳು ಊರಲ್ಲೇ ಇರುತ್ತಾಳೆ, ಗುಡಿಯ ಭಜನೆಯಲ್ಲೂ ಅವಳಿಗೆ ಜಾಗ ಕಡಿಮೆ. ಆದ್ದರಿಂದ ತಲೆಗೊಂದು ಫೋನು ಎಂಬ ಲೆಕ್ಕ ಬಿಟ್ಟು ಊರಿಗೊಂದು ತುದಿ ಎಂದು ಹೊರಡುವುದು ಸುಲಭ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಇಂಟರ್ನೆಟ್ ಸರಿಯಿರುವ ಕಡೆ ಅಲ್ಲೊಂದು ಸ್ಪೀಕರು, ಒಂದು ಮೈಕು ಇಟ್ಟು ಸಂಜೆಯ ಅಡುಗೆ ಮುಗಿದ ಮೇಲೆ ಇಡೀ ಮೇಳವನ್ನು ಕೂರಿಸಬಹುದು. ಆಚೆ ತುದಿಯಲ್ಲಿ ಮಂಗಳೂರಿನ ಶೆಡ್ಡಿನಲ್ಲಿ ಹತ್ತು ಮಂದಿ ಒಂದೇ ಫೋನಿನ ಸುತ್ತ ಕೂತಿರಲಿ. ಸೊಲ್ಲು ಹಿಡಿಯುವವರು ಆಯಾ ಕೋಣೆಯಲ್ಲೇ ಮಗ್ಗುಲಲ್ಲಿರುವುದರಿಂದ ತಾಳ ತಪ್ಪುವುದಿಲ್ಲ. ದೂರ ದಾಟಬೇಕಾದದ್ದು ಸವಾಲೊಂದೇ, ಅದಕ್ಕೆ ಅವಸರವಿಲ್ಲ.