ಗಾಯಗೊಂಡ ಶ್ವಾಸಕೋಶದಲ್ಲಿ ನೀರು: ಅದನ್ನು ಅಳೆಯುವ ಬಗೆ

“ಎದೆಯಲ್ಲಿ ನೀರು ತುಂಬಿದೆ” ಎಂದು ವೈದ್ಯರು ಹೇಳಿದೊಡನೆ ರೋಗಿಯ ಬಂಧುಗಳಲ್ಲಿ ಏಳುವ ಪ್ರಶ್ನೆ, “ಸೂಜಿಯಿಂದ ತೆಗೆಯಬಾರದೇ?” ಎಂಬುದು. ಉತ್ತರವು ನೀರು ಎಲ್ಲಿದೆ ಎಂಬುದನ್ನು ಅವಲಂಬಿಸಿದೆ. ಶ್ವಾಸಕೋಶವನ್ನು ಆವರಿಸಿರುವ ಎರಡು ಪೊರೆಗಳ ನಡುವೆ ನಿಂತ ನೀರನ್ನು ಸೂಜಿಯಿಂದ ಹೊರತೆಗೆದು ಪಾತ್ರೆಯಲ್ಲಿ ಅಳೆಯಬಹುದು. ಆದರೆ ಒದ್ದೆಯಾದ ಸ್ಪಂಜಿನಂತೆ ಶ್ವಾಸಕೋಶವೇ ಹೀರಿಕೊಂಡ ನೀರಿಗೆ ಈ ಉಪಾಯ ಸಲ್ಲದು.

ಶ್ವಾಸಕೋಶದ ಕೋಟ್ಯಂತರ ವಾಯುಕೋಶಗಳನ್ನು ಸೂಕ್ಷ್ಮ ರಕ್ತನಾಳಗಳು ಬಲೆಯಂತೆ ಸುತ್ತುವರಿದಿವೆ. ಇವುಗಳಿಂದ ನೀರು ಹೊರಬರಲು ಮುಖ್ಯವಾಗಿ ಎರಡು ಕಾರಣಗಳುಂಟು. ಮೊದಲನೆಯದು, ಹೃದಯ ಸೋತಾಗ ನಾಳಗಳಲ್ಲಿ ಏರುವ ಒತ್ತಡ. ಕೆಂಪು ಚೇಳಿನ ವಿಷವೇರಿದಾಗ ಆಗುವುದು ಬಹುಮಟ್ಟಿಗೆ ಇದೇ. ನಮ್ಮ ನಾಗಪುರದ ಸರ್ಕಾರಿ ವೈದ್ಯಕೀಯ ಮಹಾವಿದ್ಯಾಲಯದಲ್ಲಿ ಓದಿ ಕೊಂಕಣದ ಮಹಾಡದಲ್ಲಿ ಸೇವೆಗೆ ನಿಂತ ಡಾ. ಹಿಮ್ಮತರಾವ್ ಬಾವಸ್ಕರ್ ಅವರು 1980ರ ದಶಕದಲ್ಲಿ ಪ್ರಜೋಸಿನ್ ಎಂಬ ಔಷಧಿಯಿಂದ ಇಂತಹ ಅನೇಕರ ಪ್ರಾಣ ಉಳಿಸಿದರು. ಎರಡನೆಯ ಕಾರಣ, ನಾಳಗಳ ಗೋಡೆಯೇ ಗಾಯಗೊಂಡು ಸೋರುವುದು. ನ್ಯುಮೋನಿಯಾ, ರಕ್ತದ ನಂಜು, ಬೆಂಕಿಯ ಹೊಗೆ, ಅಪಘಾತದಲ್ಲಿ ಎದೆಗೆ ಬಿದ್ದ ಪೆಟ್ಟು ಇವೆಲ್ಲ ಇದಕ್ಕೆ ದಾರಿ ಮಾಡುತ್ತವೆ. 1967ರಲ್ಲಿ ಅಮೆರಿಕದ ಡೆನ್ವರ್ ನಗರದ ವೈದ್ಯರು 12 ರೋಗಿಗಳನ್ನು ವಿವರಿಸಿ ಈ ಸ್ಥಿತಿಯನ್ನು ವೈದ್ಯಲೋಕದ ಗಮನಕ್ಕೆ ತಂದರು.

ಕಣ್ಣಿಗೆ ಕಾಣದ ಈ ನೀರನ್ನು ಅಳೆಯುವುದು ಹೇಗೆ? ಕ್ಷಕಿರಣ ಚಿತ್ರದಲ್ಲಿ ಅದು ಬಿಳಿಯ ಮಬ್ಬಾಗಿ ಕಾಣುತ್ತದೆ. ಆದರೆ ನೀರು ಸಾಕಷ್ಟು ಹೆಚ್ಚಿದ ಮೇಲೆಯೇ. 2021ರಲ್ಲಿ ಕೊರೋನಾದ ಎರಡನೆಯ ಅಲೆಯಲ್ಲಿ ಮನೆಮನೆಗಳಲ್ಲಿ ಕೇಳಿಬರುತ್ತಿದ್ದ “25ಕ್ಕೆ ಎಷ್ಟು?” ಎಂಬ ಸಿ.ಟಿ. ಅಂಕವು ಶ್ವಾಸಕೋಶದ ಎಷ್ಟು ಭಾಗಕ್ಕೆ ರೋಗ ಹರಡಿದೆ ಎಂಬುದನ್ನು ಸೂಚಿಸುತ್ತಿತ್ತೇ ಹೊರತು ನೀರಿನ ಪ್ರಮಾಣವನ್ನಲ್ಲ.

ಹಾಸಿಗೆಯ ಬಳಿಯಲ್ಲಿಯೇ ಮಾಡಬಹುದಾದ ಅಲ್ಟ್ರಾಸೌಂಡ್ ಪರೀಕ್ಷೆ ಇನ್ನೊಂದು ಸಾಧನ. ನೀರೂರಿದ ಶ್ವಾಸಕೋಶದಿಂದ ಪರದೆಯ ಮೇಲೆ ಧೂಮಕೇತುವಿನ ಬಾಲದಂತಹ ಉದ್ದನೆಯ ಬಿಳಿ ಗೆರೆಗಳು ಮೂಡುತ್ತವೆ. ಎರಡು ಪಕ್ಕೆಲುಬುಗಳ ನಡುವೆ ಮೂರು ಅಥವಾ ಹೆಚ್ಚು ಗೆರೆಗಳು ಕಂಡರೆ ಅದು ಸಹಜವಲ್ಲ.

ನಿಖರವಾದ ಸಂಖ್ಯೆ ಬೇಕಾದಾಗ, ದೊಡ್ಡ ಆಸ್ಪತ್ರೆಗಳಲ್ಲಿ, ಹೃದಯದ ಸಮೀಪದ ಅಭಿಧಮನಿಗೆ ತಣ್ಣನೆಯ ಲವಣಜಲವನ್ನು ಚುಚ್ಚಿ, ತೊಡೆಯ ಅಪಧಮನಿಯಲ್ಲಿ ರಕ್ತದ ಉಷ್ಣತೆ ಇಳಿದೇರುವ ಬಗೆಯನ್ನು ಗುರುತಿಸುತ್ತಾರೆ. ಶ್ವಾಸಕೋಶದಲ್ಲಿ ನೀರು ಹೆಚ್ಚಿದ್ದಷ್ಟೂ ಆ ತಂಪು ಅಲ್ಲಿ ಹಂಚಿಹೋಗಿ ತಡವಾಗಿ ತಲುಪುತ್ತದೆ. ಈ ಲೆಕ್ಕದಂತೆ ಆರೋಗ್ಯವಂತರಲ್ಲಿ ದೇಹತೂಕದ ಪ್ರತಿ ಕಿಲೋಗ್ರಾಮಿಗೆ ಸುಮಾರು 3ರಿಂದ 7 ಮಿಲಿಲೀಟರ್ ನೀರಿರುತ್ತದೆ. 10ನ್ನು ಮೀರಿದರೆ ಶ್ವಾಸಕೋಶ ನೆನೆದಿದೆಯೆಂದೇ ಅರ್ಥ. 60 ಕಿಲೋ ತೂಕದವರಲ್ಲಿ ಇದು 600 ಮಿಲಿಲೀಟರ್.

ನೀರಿನಿಂದಾದ ಹಾನಿಯನ್ನು ರಕ್ತದ ಆಮ್ಲಜನಕವೂ ತಿಳಿಸುತ್ತದೆ. ಅಪಧಮನಿಯ ರಕ್ತದಲ್ಲಿನ ಆಮ್ಲಜನಕದ ಒತ್ತಡವನ್ನು, ರೋಗಿ ಸೇವಿಸುವ ಗಾಳಿಯಲ್ಲಿನ ಆಮ್ಲಜನಕದ ಅಂಶದಿಂದ ಭಾಗಿಸಬೇಕು. ಆರೋಗ್ಯವಂತರಲ್ಲಿ ಇದು 400ಕ್ಕೂ ಮೇಲಿರುತ್ತದೆ. ಗಾಯಗೊಂಡ ಶ್ವಾಸಕೋಶದಲ್ಲಿ ಅದು 300ಕ್ಕೆ ಇಳಿದರೆ ಅಪಾಯದ ಆರಂಭ. 100ಕ್ಕೆ ಇಳಿದರೆ ಅತಿ ತೀವ್ರ ಸ್ಥಿತಿ.

ಇಷ್ಟೆಲ್ಲ ಅಳತೆ ಏತಕ್ಕೆ? “ರೋಗಿ ನಿಶ್ಶಕ್ತನಾಗಿದ್ದಾನೆ, ಇನ್ನೊಂದು ಸಲೈನ್ ಬಾಟಲಿ ಏರಿಸಿ” ಎಂದು ನಾವು ಒತ್ತಾಯಿಸುವುದುಂಟು. ರಕ್ತ ಹೋಗಿ ನಾಡಿ ಕುಸಿದವರಿಗೆ ಆ ದ್ರವವೇ ಸಂಜೀವಿನಿ. ಸೋರುವ ಶ್ವಾಸಕೋಶಕ್ಕಾದರೋ ಅದೇ ಹೊರೆ. 2006ರಲ್ಲಿ ಪ್ರಕಟವಾದ, 1000 ರೋಗಿಗಳನ್ನು ಒಳಗೊಂಡ ಅಮೆರಿಕದ ಅಧ್ಯಯನವೊಂದರಲ್ಲಿ, ದ್ರವವನ್ನು ಮಿತಗೊಳಿಸಿದ್ದರಿಂದ ಸಾವಿನ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಕಾಣದಿದ್ದರೂ, ಆ ರೋಗಿಗಳು ಕೃತಕ ಉಸಿರಾಟದ ಯಂತ್ರದಿಂದ ಬೇಗ ಬಿಡುಗಡೆ ಹೊಂದಿದರು. ಯಾರಿಗೆ ಕೊಡಬೇಕು, ಯಾರಿಗೆ ತಡೆಯಬೇಕು ಎಂಬುದನ್ನು ಅಳತೆಯೇ ನಿರ್ಧರಿಸಬೇಕು.

ಊರಿಗೆ ಹೋಗಿಬರಲು ಬೆಂಗಳೂರು–ನಾಗಪುರಗಳನ್ನು ಜೋಡಿಸುವ 44ನೆಯ ರಾಷ್ಟ್ರೀಯ ಹೆದ್ದಾರಿಯನ್ನು ಬಳಸುವ ನಾವು ಒಂದು ಮಾತನ್ನು ಮರೆಯಬಾರದು. ಎದೆಗೆ ಪೆಟ್ಟಾದ ವ್ಯಕ್ತಿ ಮೊದಲ ದಿನ ಚೆನ್ನಾಗಿಯೇ ಇದ್ದು, ಶ್ವಾಸಕೋಶದ ಊತ ಒಂದೆರಡು ದಿನಗಳಲ್ಲಿ ಹೆಚ್ಚಬಹುದು. ಉಸಿರಾಟದ ವೇಗ ಏರಿದರೆ, ತುಟಿ ನೀಲಿಗಟ್ಟಿದರೆ, ಮಲಗಲಾರದೆ ಎದ್ದು ಕೂತರೆ, ಮೊದಲ ದಿನದ ಚಿತ್ರ ಸರಿಯಿತ್ತೆಂದು ಸುಮ್ಮನಿರದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯುವುದು ಮನೆಯವರ ಕರ್ತವ್ಯ.