ಮಾವನ ಪಿಕಪ್‌ಗೆ ಹಿಂದೆಯೂ ಡಿಸ್ಕ್ ಬ್ರೇಕ್

ನಿಮ್ಮ ಮನೆಯ ಗಾಡಿ ನಿಂತಿರುವಾಗ ಹಿಂದಿನ ಚಕ್ರದೊಳಗೆ ಒಮ್ಮೆ ಇಣುಕಿ ನೋಡಿ. ಹೊಳೆಯುವ ಕಬ್ಬಿಣದ ತಟ್ಟೆ ಕಂಡರೆ ಅದು ಡಿಸ್ಕ್ ಬ್ರೇಕ್. ಮುಚ್ಚಿದ ಡಬ್ಬಿಯಂಥದ್ದು ಕಂಡರೆ ಡ್ರಮ್. ಸಾಮಾನು ಸಾಗಿಸುವ ಹೆಚ್ಚಿನ ಪಿಕಪ್‌ಗಳಲ್ಲಿ ಮುಂದೆ ಡಿಸ್ಕ್, ಹಿಂದೆ ಡ್ರಮ್ ಇರುತ್ತದೆ. ನನ್ನ ಮಾವನ ಹಳೆಯ ಹೈಲಕ್ಸ್ ಕೂಡ ಹಾಗೇ ಇತ್ತು. ಕಳೆದ ಬೇಸಿಗೆ ರಜೆಯಲ್ಲಿ ಸಲ್ಮಾಬಾದ್‌ನ ಒಂದು ಗ್ಯಾರೇಜಿನಲ್ಲಿ ಅದಕ್ಕೆ ಹಿಂದೆಯೂ ಡಿಸ್ಕ್ ಹಾಕಿಸಿದೆವು. ಕೆಲಸ ಮಾಡಿದ್ದು ಉಡುಪಿ ಕಡೆಯ ಮೆಕ್ಯಾನಿಕ್ ಅಣ್ಣ. ನಾನು ಸ್ಪ್ಯಾನರ್ ಎತ್ತಿಕೊಟ್ಟವನು, ಅಂಗಿಯ ಗ್ರೀಸ್ ಕಲೆಗೆ ಅಮ್ಮನಿಂದ ಬೈಸಿಕೊಂಡವನು.

ಮಾವನದು ಸಮಾರಂಭಗಳಿಗೆ ಸೌಂಡ್ ಬಾಕ್ಸ್, ಸ್ಟೇಜ್ ಸಾಮಾನು ಸಾಗಿಸುವ ಕೆಲಸ. ಹತ್ತಿಸಿ ಇಳಿಸಲು ಸುಲಭ ಎಂದು ಹೇಳಿ (ನಿಜವಾಗಿ ಶೋಕಿಗೆ!) ಎರಡು ವರ್ಷದ ಹಿಂದೆಯೇ ಗಾಡಿಯನ್ನು ತಗ್ಗಿಸಿದ್ದರು. ಹಿಂದಿನ ಲೀಫ್ ಪ್ಲೇಟ್‌ಗೂ ಆಕ್ಸಲ್‌ಗೂ ನಡುವೆ ಕಬ್ಬಿಣದ ಬ್ಲಾಕ್ ಇಟ್ಟರೆ ಗಾಡಿ ಅಷ್ಟು ಕೆಳಗೆ ಕೂರುತ್ತದೆ. ಮಾವನದು 8 ಸೆಂ.ಮೀ. ಕೂತಿತ್ತು.

ಡ್ರಮ್ ಕೆಟ್ಟದ್ದೇನಲ್ಲ. ಅದರ ಒಳಗಿನ ಲೈನರ್, ತಿರುಗುವ ಡ್ರಮ್‌ನ ಎಳೆತಕ್ಕೇ ಇನ್ನಷ್ಟು ಬಿಗಿಯಾಗಿ ಒತ್ತಿಕೊಳ್ಳುತ್ತದೆ, ಹ್ಯಾಂಡ್ ಬ್ರೇಕಿಗಂತೂ ಅದೇ ಒಳ್ಳೆಯದು. ಆದರೆ ಬಿಸಿ ಬೇಗ ಹೊರಗೆ ಹೋಗುವುದಿಲ್ಲ, ನಮ್ಮ ಬಹರೇನಿನ ಧೂಳು ಒಳಗೆ ಸೇರಿದರೆ ಅಲ್ಲೇ ಉಳಿಯುತ್ತದೆ. ಮಾವನ ಗಾಡಿಯ ಲೈನರ್ ಸವೆದು ಗಾಜಿನಂತೆ ನುಣುಪಾಗಿತ್ತು. ಲೈನರ್ ಬದಲಿಸಿದರೆ ಸಾಕಿತ್ತು. ಮಾವನಿಗೆ ಸಾಕಾಗಲಿಲ್ಲ.

ಗುಜರಿಯಿಂದ ಡಿಸ್ಕ್ ಸಮೇತ ಒಂದು ಪ್ರಾಡೋದ ಹಿಂದಿನ ಆಕ್ಸಲ್ ತಂದರು. ಮೆಕ್ಯಾನಿಕ್ ಅಣ್ಣ ಮೊದಲು ಟೇಪ್ ಹಿಡಿದು ಅಗಲ ಅಳೆದರು. ಚಕ್ರಕ್ಕೆ ಎಷ್ಟು ಬೋಲ್ಟ್, ಒಳಗಿನ ಗೇರ್‌ನ ಅನುಪಾತ ಎಷ್ಟು ಎಂದು ನೋಡಿದರು. ಪ್ರಾಡೋದಲ್ಲಿ ಹಿಂದೆ ಇರುವುದು ಸುರುಳಿ ಸ್ಪ್ರಿಂಗ್, ಹೈಲಕ್ಸ್‌ನಲ್ಲಿ ಲೀಫ್ ಪ್ಲೇಟ್. ಆದ್ದರಿಂದ ಹಳೆಯ ಬ್ರಾಕೆಟ್‌ಗಳನ್ನೆಲ್ಲ ಕತ್ತರಿಸಿ, ಪ್ಲೇಟ್ ಕೂರುವ ಸೀಟುಗಳನ್ನು ಹೊಸದಾಗಿ ವೆಲ್ಡ್ ಮಾಡಬೇಕಾಯಿತು. ಸೀಟಿನ ಕೋನ ತಪ್ಪಿದರೆ ಎಂಜಿನ್‌ನಿಂದ ಬರುವ ಶಾಫ್ಟ್ ನಡುಗುತ್ತದೆ. ಅಮೆರಿಕದವರಿಗೆ ಈ ಕಷ್ಟ ಕಡಿಮೆ. ಅಲ್ಲಿ ಫೋರ್ಡ್ ರೇಂಜರ್ ಪಿಕಪ್‌ಗೆ 1995ರ ನಂತರದ ಎಕ್ಸ್‌ಪ್ಲೋರರ್‌ನ ಡಿಸ್ಕ್ ಆಕ್ಸಲ್ ಹಾಕುವವರು ಬಹಳ. ರೇಂಜರ್‌ನಲ್ಲಿ ಆಕ್ಸಲ್ ಪ್ಲೇಟಿನ ಕೆಳಗಿದ್ದರೆ ಎಕ್ಸ್‌ಪ್ಲೋರರ್‌ನಲ್ಲಿ ಪ್ಲೇಟಿನ ಮೇಲೆ. ಹಾಗಾಗಿ ಅದನ್ನು ಇದ್ದಂತೆಯೇ ಕೂರಿಸಿದರೆ ಗಾಡಿ ತಾನಾಗಿ ತಗ್ಗುತ್ತದೆ!

ಬ್ರೇಕ್ ಆಯಿಲ್ ತುಂಬಿ, ಏರ್ ತೆಗೆದು ಮುಗಿಸಿದಾಗ ರಾತ್ರಿ ಹತ್ತು ಗಂಟೆ. ಮರುದಿನ ಓಡಿಸಿ ನೋಡಿದ ಮಾವ, “ಈಗ ನೋಡು ಬ್ರೇಕ್ ಅಂದ್ರೆ!” ಎಂದರು.

ನವೆಂಬರ್‌ನಲ್ಲಿ ರಾಜ್ಯೋತ್ಸವದ ಸಾಮಾನು ಇಳಿಸಿ ಖಾಲಿ ಗಾಡಿಯಲ್ಲಿ ಬರುತ್ತಿದ್ದೆವು. ಆ ಚಳಿಗಾಲದ ಮೊದಲ ಮಳೆ. ತಿಂಗಳುಗಟ್ಟಲೆ ಕೂತ ಎಣ್ಣೆ, ಧೂಳು ನೆನೆದರೆ ರಸ್ತೆ ಹೇಗಿರುತ್ತದೆಂದು ಇಲ್ಲಿ ಗಾಡಿ ಓಡಿಸುವ ಅಪ್ಪ ಅಮ್ಮಂದಿರಿಗೆ ಗೊತ್ತು. ಸಿಗ್ನಲ್ ಕೆಂಪಾಯಿತು, ಮಾವ ಬ್ರೇಕ್ ಒತ್ತಿದರು. ಗಾಡಿಯ ಹಿಂಭಾಗ ನನ್ನ ಬದಿಗೆ ತಿರುಗಿ ಮುಂದೆ ಬರತೊಡಗಿತು. ಕಿಟಕಿಯಲ್ಲಿ ನನಗೆ ಕಾಣುತ್ತಿದ್ದುದು ನಾವು ಹೋಗಬೇಕಿದ್ದ ರಸ್ತೆ. ಪಕ್ಕದ ಲೇನಿನಲ್ಲಿ ಯಾರೂ ಇರಲಿಲ್ಲ, ಅಷ್ಟೇ. ಮಾವ ಐದು ನಿಮಿಷ ಮಾತಾಡಲಿಲ್ಲ.

ಮೆಕ್ಯಾನಿಕ್ ಅಣ್ಣ ಗಾಡಿಯ ಅಡಿಗೆ ಹೋಗಿ ಬಂದು ಹೇಳಿದ್ದು ಇಷ್ಟು: “ಡಿಸ್ಕಿನ ತಪ್ಪಲ್ಲ ಮಾರಾಯ್ರೆ. ನಾವು ಗಾಡಿಗೆ ಸುಳ್ಳು ಹೇಳಿದ್ದೇವೆ.”

ಬ್ರೇಕ್ ಒತ್ತಿದಾಗ ಭಾರ ಮುಂದಿನ ಚಕ್ರಗಳ ಮೇಲೆ ಬೀಳುತ್ತದೆ, ಹಿಂದಿನವು ಹಗುರಾಗುತ್ತವೆ. ಬಸ್ಸು ನಿಂತಾಗ ನಾವು ಮುಂದಕ್ಕೆ ವಾಲುವುದಿಲ್ಲವೇ, ಹಾಗೆ. ಹಗುರಾದ ಚಕ್ರಕ್ಕೆ ಜಾಸ್ತಿ ಬ್ರೇಕ್ ಬಿದ್ದರೆ ಅದು ತಿರುಗುವುದನ್ನು ನಿಲ್ಲಿಸಿ ಜಾರುತ್ತದೆ, ಗಾಡಿ ಬುಗುರಿಯಾಗುತ್ತದೆ. ಮಾವನ ಗಾಡಿಯಲ್ಲಿ ಎಬಿಎಸ್ ಇಲ್ಲ. ಅದರ ಬದಲು ಹಿಂದಿನ ಬ್ರೇಕ್ ಲೈನಿನಲ್ಲಿ ಒಂದು ವಾಲ್ವ್ ಇದೆ, ಅದರಿಂದ ಆಕ್ಸಲ್‌ಗೆ ಒಂದು ಸರಳು. ಸಾಮಾನು ತುಂಬಿ ಗಾಡಿ ಕುಗ್ಗಿದರೆ ಸರಳು ವಾಲ್ವನ್ನು ಒತ್ತುತ್ತದೆ, ಹಿಂದಕ್ಕೆ ಹೆಚ್ಚು ಬ್ರೇಕ್ ಹೋಗುತ್ತದೆ. ಖಾಲಿಯಿದ್ದರೆ ಕಡಿಮೆ. ನಮ್ಮ ಗಾಡಿಯೋ ಬ್ಲಾಕ್ ಇಟ್ಟಾಗಿನಿಂದ ಸದಾ ಕುಗ್ಗಿಯೇ ಇತ್ತು. ಪಾಪ, ವಾಲ್ವ್ ಎರಡು ವರ್ಷದಿಂದ ಗಾಡಿ ತುಂಬಿದೆ ಎಂದೇ ನಂಬಿತ್ತು. ಸವೆದ ಡ್ರಮ್ ಇದ್ದಷ್ಟು ದಿನ ಅದು ಗೊತ್ತಾಗಲಿಲ್ಲ. ಹೊಸ ಡಿಸ್ಕ್ ಚೆನ್ನಾಗಿ ಹಿಡಿದಾಗ ಗೊತ್ತಾಯಿತು. ಆಕ್ಸಲ್ ಬದಲಿಸುವಾಗ ಆ ಸರಳನ್ನು ಹಿಂದೆ ಇದ್ದ ಹಾಗೆಯೇ ಜೋಡಿಸಿದ್ದೆವು. ಜೋಡಿಸಲು ಬೋಲ್ಟ್ ಎತ್ತಿಕೊಟ್ಟವನು ನಾನೇ.

ಸಾಖಿರ್‌ನ ನಮ್ಮ ಸರ್ಕ್ಯೂಟ್‌ನಲ್ಲಿ 2004ರಿಂದ ಫಾರ್ಮುಲಾ 1 ನೋಡುತ್ತಿರುವವರಿಗೆ ಇದು ಹೊಸದಲ್ಲ. ಅಲ್ಲಿ ಚಾಲಕರು ಮುಂದೆಷ್ಟು ಹಿಂದೆಷ್ಟು ಬ್ರೇಕ್ ಎಂಬುದನ್ನು ಓಡಿಸುತ್ತಲೇ ಸ್ಟಿಯರಿಂಗ್‌ನಿಂದ ಬದಲಿಸುತ್ತಾರೆ. ಮಾವನಿಗೆ ಆ ಅನುಕೂಲ ಇಲ್ಲ.

ಸರಳು ಆಕ್ಸಲ್‌ಗೆ ಸೇರುವ ಹಿಡಿಯನ್ನು 8 ಸೆಂ.ಮೀ. ಕೆಳಗಿಳಿಸಿ, ಎರಡೂ ಲೈನಿಗೆ ಪ್ರೆಶರ್ ಗೇಜ್ ಹಾಕಿ ನೋಡಿ ಸರಿ ಮಾಡಿದರು. ಆಮೇಲೆ ಖಾಲಿ ಅಂಗಳದಲ್ಲಿ ನೀರು ಚೆಲ್ಲಿ ಪರೀಕ್ಷೆ. ನಾನು ದೂರ ನಿಂತು ಚಕ್ರ ನೋಡಬೇಕು, ಯಾವುದು ಮೊದಲು ನಿಲ್ಲುತ್ತದೆ ಎಂದು. ಮೂರು ಸಲವೂ ಮುಂದಿನದೇ ಮೊದಲು ನಿಂತಿತು, ಗಾಡಿ ನೇರವಾಗಿ ಜಾರಿತು. ನಾಲ್ಕನೆಯ ಸಲ ನಾನು ಓಡಿಸಲೇ ಎಂದು ಕೇಳಿದೆ. ಲೈಸೆನ್ಸ್‌ಗೆ ಇನ್ನೂ ಎರಡು ವರ್ಷ ಇದೆ ಎಂದು ಮಾವ ಕೀಲಿಕೈ ಜೇಬಿಗೆ ಹಾಕಿಕೊಂಡರು.