ಹೊಸ ಕೋವಿಗೆ ತೆಂಗಿನೆಣ್ಣೆ ಸಲ್ಲದು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೋಟಗಳಲ್ಲಿ ಕಾಡುಹಂದಿಯು ಎಳೆಯ ತೆಂಗಿನ ಸಸಿಗಳ ಬುಡವನ್ನು ಅಗೆದು ಕೆಡಿಸುವುದುಂಟು. ಬೆಳೆಯ ರಕ್ಷಣೆಗಾಗಿ 1959ರ ಆಯುಧ ಕಾಯಿದೆಯ ಮೇರೆಗೆ ಲೈಸೆನ್ಸು ಪಡೆದು ಪಂಪ್ ಕೋವಿಯನ್ನು ಕೊಂಡ ರೈತರು ಅದರ ಎಣ್ಣೆಯ ವಿಚಾರವನ್ನು ಮೊದಲು ಅರಿಯತಕ್ಕದ್ದು.

ಈ ಕೋವಿಯ ನಳಿಗೆಯ ಕೆಳಗಿನ ಜಾರುಹಿಡಿಯನ್ನು ಹಿಂದಕ್ಕೆಳೆದರೆ ಹಾರಿದ ತೋಟಾ ಹೊರಬೀಳುವುದು. ಮುಂದಕ್ಕೆ ತಳ್ಳಿದರೆ ಮತ್ತೊಂದು ಒಳಸೇರುವುದು. ಹೊಸದಕ್ಕೆ ತುಕ್ಕು ಹಿಡಿಯದಂತೆ ಗಟ್ಟಿ ಎಣ್ಣೆಯನ್ನು ಬಳಿದಿರುವುದುಂಟು. ನಳಿಗೆಯಲ್ಲಿಯೂ ಕೆಳಗಿನ ಕೊಳವೆಯಲ್ಲಿಯೂ ತೋಟಾ ಇಲ್ಲವೆಂಬುದನ್ನು ನೋಡಿ, ಬೆರಳಿನಿಂದ ಮುಟ್ಟಿ ತಿಳಿದ ಮೇಲೆಯೇ ಅದನ್ನು ಒರೆಸಿ ತೆಗೆಯಬೇಕು. ಬಳಿಕ ಜಾರುವ ಭಾಗಗಳಿಗೆ ಕೋವಿಯ ತೆಳು ಎಣ್ಣೆಯನ್ನು ಒಂದೆರಡು ತೊಟ್ಟು ಸವರಿದರೆ ಸಾಕು.

ಮನೆಯಲ್ಲಿ ಧಾರಾಳವಾಗಿರುವ ತೆಂಗಿನೆಣ್ಣೆಯನ್ನು ಇದಕ್ಕೆ ಉಪಯೋಗಿಸಕೂಡದು. ಅದು ಸುಮಾರು 24 ಡಿಗ್ರಿ ಸೆಂಟಿಗ್ರೇಡಿಗಿಂತ ತಣ್ಣಗಾದರೆ ಹೆಪ್ಪುಗಟ್ಟುವುದು. ಮಾಗಿಯ ಇರುಳಿನಲ್ಲಿ ಹಿಡಿ ಬಿಗಿದು ತೋಟಾ ನಡುವೆ ಸಿಕ್ಕಿಕೊಂಡೀತು. ಕತ್ತಲೆಯಲ್ಲಿ ಅದನ್ನು ಬಿಡಿಸಹೋದವನ ಪ್ರಾಣಕ್ಕೆ ಕುತ್ತು ಬಂದೀತು.

ಹೊಸದರ ಬಿಗಿಯು, ಬರಿದಾದ ಕೋವಿಯ ಹಿಡಿಯನ್ನು ದಿನವೂ ಕೆಲವು ಸಲ ಪೂರ್ತಿಯಾಗಿ ಎಳೆದು ತಳ್ಳುವುದರಿಂದ ಸಡಿಲವಾಗುವುದು. ಹಾರಿಸಿದ ದಿನವೇ ನಳಿಗೆಯ ಮಸಿಯನ್ನು ತೆಗೆದು, ಕೋವಿಯನ್ನೂ ತೋಟಾಗಳನ್ನೂ ಬೇರೆಬೇರೆಯಾಗಿ ಬೀಗದಲ್ಲಿಡಬೇಕು.

ಹಂದಿಯನ್ನು ಕೊಲ್ಲಲು ಲೈಸೆನ್ಸೊಂದೇ ಸಾಲದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅರಣ್ಯಾಧಿಕಾರಿಗಳ ಅನುಮತಿಯೂ ಅವಶ್ಯಕ.